ಬೆಚ್ಚಗಿನ ಹಲಗೆ ಮಾಡಲು ಹೊರಟವರು ಗಟ್ಟಿ ಹಲಗೆ ಮಾಡಿದ ಕಥೆ: ಲಾರೆಲ್‌ನ ಮೇಸನೈಟ್

ಬೆಂಗಳೂರಿನಲ್ಲಿ ಫ್ಲಾಟ್ ನೋಡಲು ಅಲೆದವರಿಗೆ ಬಿಲ್ಡರ್ ಕೊಡುವ ಬ್ರೋಷರ್ ಗೊತ್ತೇ ಇರುತ್ತದೆ. ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಪಟ್ಟಿ. ನೆಲಕ್ಕೆ ವಿಟ್ರಿಫೈಡ್ ಟೈಲ್ಸ್, ಅಡುಗೆಮನೆಗೆ ಗ್ರಾನೈಟ್ ಕಟ್ಟೆ, ಮುಂಬಾಗಿಲಿಗೆ ತೇಗ, ಒಳಬಾಗಿಲುಗಳಿಗೆ 'ಮ್ಯಾಸೊನೈಟ್ ಸ್ಕಿನ್'. ಟೈಲ್ಸ್ ಬಗ್ಗೆ ಹತ್ತು ಪ್ರಶ್ನೆ ಕೇಳುವ ನಾವು ಈ ಕೊನೆಯ ಪದವನ್ನು ಸುಮ್ನೆ ಓದಿ ಮುಂದೆ ಹೋಗುತ್ತೇವೆ. ಬಾಗಿಲನ್ನು ಬೆರಳಿಂದ ತಟ್ಟಿದರೆ ಟೊಕ್ ಅನ್ನುತ್ತದೆ, ಅಷ್ಟೇ ಪರೀಕ್ಷೆ.

ಆದರೆ ಈ ವಸ್ತು ನಮ್ಮೆಲ್ಲರಿಗೂ ಹಳೇ ಪರಿಚಯ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕಂಕುಳಲ್ಲಿ ಇಟ್ಟುಕೊಂಡು ಹೋಗುತ್ತಿದ್ದ ಕಂದು ಬಣ್ಣದ ಪ್ಯಾಡ್ ನೆನಪಿದೆಯಾ? ಒಂದು ಮುಖ ನುಣುಪು, ಕನ್ನಡಿಯ ಹಾಗೆ. ಇನ್ನೊಂದು ಮುಖದಲ್ಲಿ ಗೋಣಿಚೀಲ ಒತ್ತಿದ ಹಾಗೆ ಸಣ್ಣ ಬಲೆಯ ಗುರುತು. ಹಳೇ ರೇಡಿಯೋ, ಟಿವಿಗಳ ಹಿಂಬದಿಯ ತೂತು ತೂತಿನ ಹಲಗೆಯೂ ಅದೇ ಜಾತಿ. ನಾವು ಹಾರ್ಡ್‌ಬೋರ್ಡ್ ಅಂತೀವಿ. ಆ ಬಲೆಯ ಗುರುತು ಯಾಕೆ ಅನ್ನುವುದಕ್ಕೆ ಉತ್ತರ ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಲಾರೆಲ್ ಅನ್ನುವ ಊರಿನಲ್ಲಿದೆ. ತಮಾಷೆ ಏನಂದರೆ, ಅಲ್ಲಿಯವರು ಇದನ್ನು ಮಾಡಲು ಹೊರಟಿರಲೇ ಇಲ್ಲ. ಅವರಿಗೆ ಬೇಕಿದ್ದದ್ದು ಮರದ ನಾರಿನ ಇನ್ಸುಲೇಶನ್ ಬೋರ್ಡ್. ಚಳಿಗಾಲದಲ್ಲಿ ಮನೆಯ ಬಿಸಿ ಹೊರಗೆ ಹೋಗದಂತೆ, ಬೇಸಿಗೆಯಲ್ಲಿ ಹೊರಗಿನ ಬಿಸಿ ಒಳಗೆ ಬರದಂತೆ ಗೋಡೆಯೊಳಗೆ ಕೂರಿಸುವ ಮೆತ್ತನೆಯ ಹಲಗೆ.

ಸುಡುತ್ತಿದ್ದ ಅರ್ಧ ಮರ

ಲಾರೆಲ್ 1882ರಲ್ಲಿ ಹುಟ್ಟಿದ ಊರು. ಸುತ್ತ ಹಳದಿ ಪೈನ್ ಕಾಡು, ಊರೊಳಗೆ ದೊಡ್ಡ ದೊಡ್ಡ ಸಾಮಿಲ್‌ಗಳು. ದಿಮ್ಮಿ ಗುಂಡಗೆ, ಹಲಗೆ ಚೌಕ. ಹಾಗಾಗಿ ಎಷ್ಟು ಜಾಣತನದಿಂದ ಕೊಯ್ದರೂ ಬದಿಯ ಚಕ್ಕೆ, ತುಂಡು, ಹೊಟ್ಟು ರಾಶಿ ರಾಶಿ ಉಳಿಯುತ್ತದೆ. ನಮ್ಮ ಕಡೆ ಸಾಮಿಲ್ ಹೊಟ್ಟು ಬಚ್ಚಲ ಒಲೆಗಾದರೂ ಹೋಗುತ್ತದೆ. ಅಲ್ಲಿ ಅದನ್ನು ತೊಲಗಿಸಲೆಂದೇ ಹಗಲೂ ರಾತ್ರಿ ಬೆಂಕಿ ಹಾಕುತ್ತಿದ್ದರು.

ವಿಲಿಯಂ ಎಚ್. ಮೇಸನ್ ಈ ಊರಿಗೆ ಬಂದದ್ದು ಪೈನ್ ಮರದಿಂದ ಟರ್ಪೆಂಟೈನ್ ತೆಗೆಯುವ ಕೆಲಸದ ಮೇಲೆ. ಹುಟ್ಟಿದ್ದು 1877ರಲ್ಲಿ. ಥಾಮಸ್ ಎಡಿಸನ್ ಜೊತೆ ದುಡಿದು ಪಳಗಿದ ಎಂಜಿನಿಯರ್, ಅಂದರೆ ಒಂದು ಉಪಾಯ ಫಲಿಸದಿದ್ದರೆ ಹತ್ತನೆಯದನ್ನು ಹಿಡಿಯುವ ಜಾತಿ. ಉರಿಯುವ ಚಕ್ಕೆಯ ರಾಶಿ ಅವನ ಕಣ್ಣಿಗೆ ಬಿತ್ತು.

ಮರದ ನಾರಿನ ಇನ್ಸುಲೇಶನ್ ಹಲಗೆ ಅವನ ಹೊಸ ಕಲ್ಪನೆಯೇನಲ್ಲ. ಮಿನ್ನೆಸೋಟದ ಕಾಗದದ ಮಿಲ್ಲೊಂದರಲ್ಲಿ ಉಳಿಕೆ ನಾರಿನಿಂದ 'ಇನ್ಸುಲೈಟ್' ಎಂಬ ಹಲಗೆ 1914ರ ಸುಮಾರಿಗೇ ಬಂದಿತ್ತು. 1920ರ ದಶಕದ ಮೊದಲಲ್ಲಿ ಲೂಸಿಯಾನದಲ್ಲಿ 'ಸೆಲೊಟೆಕ್ಸ್' ಕಂಪನಿ ಕಬ್ಬಿನ ಸಿಪ್ಪೆಯಿಂದ ಅಂಥದ್ದೇ ಹಲಗೆ ಮಾಡಿ ಮಾರುತ್ತಿತ್ತು. ಮಂಡ್ಯದ ಆಲೆಮನೆಯಲ್ಲಿ ಕೊಪ್ಪರಿಗೆ ಕೆಳಗೆ ಉರಿಯುವ ಅದೇ ಸಿಪ್ಪೆ. ಆ ಸೆಲೊಟೆಕ್ಸ್ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಜಗಳಕ್ಕೆ ಬರುತ್ತದೆ.

ತೊಂದರೆ ಇದ್ದದ್ದು ಮರವನ್ನು ನಾರಾಗಿಸುವುದರಲ್ಲಿ. ಕಲ್ಲಿನಲ್ಲಿ ಅರೆದರೆ ಕರೆಂಟು ಜಾಸ್ತಿ, ನಾರೂ ತುಂಡಾಗುತ್ತದೆ. ಕಾಗದದ ಮಿಲ್‌ನ ಹಾಗೆ ರಾಸಾಯನಿಕದಲ್ಲಿ ಬೇಯಿಸಿದರೆ ಮರದ ಅರ್ಧ ತೂಕ ಕರಗಿ ಹೋಗುತ್ತದೆ. ಕಸದಿಂದ ಮಾಡುವ ಅಗ್ಗದ ಹಲಗೆಗೆ ಎರಡೂ ದುಬಾರಿ.

ದಾವಣಗೆರೆಯ ಮಂಡಕ್ಕಿ ಭಟ್ಟಿ ನೋಡಿದವರಿಗೆ ಮೇಸನ್ ಕಂಡುಕೊಂಡ ದಾರಿ ತಕ್ಷಣ ಅರ್ಥವಾಗುತ್ತದೆ. ಕಾದ ಮರಳಿಗೆ ಅಕ್ಕಿ ಬಿದ್ದ ಕೂಡಲೇ ಕಾಳಿನೊಳಗಿನ ತೇವ ಹಬೆಯಾಗಿ ಕಾಳನ್ನೇ ಒಡೆದು ಅರಳಿಸುತ್ತದೆ, ಅಲ್ವಾ? ಮೇಸನ್ ಮರದ ಚಕ್ಕೆಯನ್ನು ದಪ್ಪ ಉಕ್ಕಿನ ಉರುಳೆಯೊಳಗೆ ತುಂಬಿದ. ಹಬೆ ಬಿಟ್ಟು ಒತ್ತಡವನ್ನು ಕೊನೆಯ ಕೆಲವು ಸೆಕೆಂಡು ಚದರ ಇಂಚಿಗೆ ಸುಮಾರು 1000 ಪೌಂಡ್‌ಗೆ ಏರಿಸಿ, ತಟ್ಟನೆ ಕೆಳಗಿನ ಬಾಯಿ ತೆಗೆದ. ಮನೆಯ ಕುಕ್ಕರ್‌ನ ಒತ್ತಡ 15 ಪೌಂಡ್ ಆಸುಪಾಸು. ಆ ಉರುಳೆಯಲ್ಲಿ ಹಬೆಯ ಬಿಸಿ 280 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಬಾಯಿ ತೆರೆದಾಗ ಚಕ್ಕೆಯೊಳಗೆ ನುಗ್ಗಿ ಕೂತಿದ್ದ ಹಬೆ ಒಂದೇ ಸಲ ಹಿಗ್ಗಿ ಚಕ್ಕೆ ಸಿಡಿದು ಕಂದು ಬಣ್ಣದ ನಾರಿನ ಗೊಂಚಲಾಗಿ ಹೊರಗೆ ಹಾರುತ್ತದೆ. ಇದಕ್ಕೆ 'ಗನ್' ಅಂತಲೇ ಹೆಸರು ಬಿತ್ತು. 1924ರ ಹೊತ್ತಿಗೆ ಈ ಗನ್ ಕೆಲಸ ಮಾಡುತ್ತಿತ್ತು. ಅರೆಯುವ ಕೆಲಸವಿಲ್ಲ, ರಾಸಾಯನಿಕವಿಲ್ಲ, ಮರದ ಬಹುಪಾಲು ತೂಕ ಹಾಗೇ ಉಳಿದಿದೆ.

ಊಟದ ಹೊತ್ತು

ಇನ್ನು ಎಲ್ಲರೂ ಹೇಳುವ ಕಥೆ. ಮೇಸನ್ ಈ ನಾರನ್ನು ನೀರಲ್ಲಿ ಕದಡಿ, ಹಾಳೆ ಮಾಡಿ, ಬಿಸಿ ಮಾಡುವ ಪ್ರೆಸ್ ಒಂದರಲ್ಲಿಟ್ಟು ಒಣಗಿಸಿ ನೋಡುತ್ತಿದ್ದ. ಒಂದು ದಿನ ಹಸಿ ಹಾಳೆಯನ್ನು ಪ್ರೆಸ್‌ನಲ್ಲೇ ಬಿಟ್ಟು ಊಟಕ್ಕೆ ಹೋದ. ಹಬೆಯ ವಾಲ್ವ್ ಸೋರುತ್ತಿತ್ತು. ಬಿಸಿಯೂ ಒತ್ತಡವೂ ನಿಲ್ಲಲೇ ಇಲ್ಲ. ವಾಪಸ್ ಬಂದು ತೆರೆದರೆ ಮೆತ್ತನೆಯ ಹಲಗೆಯ ಬದಲು ತೆಳ್ಳಗಿನ, ಗಟ್ಟಿ, ಹೊಳೆಯುವ ಹಾಳೆ.

ಒಳ್ಳೆಯ ಕಥೆ, ನಿಜವೂ ಹೌದು. ಆದರೆ ಇದನ್ನು 'ಅದೃಷ್ಟ' ಅಂತ ಮುಗಿಸುವವರ ಬಗ್ಗೆ ನನಗೆ ತಕರಾರಿದೆ. ಮರದಲ್ಲಿ ನಾರುಗಳನ್ನು ಒಂದಕ್ಕೊಂದು ಹಿಡಿದಿಡುವ ಅಂಟಿಗೆ ಲಿಗ್ನಿನ್ ಅಂತ ಹೆಸರು. ಬಿಳಿ ಕಾಗದ ಮಾಡುವವರು ಅದನ್ನು ಕಳೆಯಲು ಹೆಣಗಾಡುತ್ತಾರೆ. ಮೇಸನ್‌ನ ಗನ್ ಅದನ್ನು ಹೊರಹಾಕಲಿಲ್ಲ, ಬಿಸಿಗೆ ಮೆತ್ತಗಾಗಿಸಿ ನಾರಿನ ಮೇಲೆಯೇ ಉಳಿಸಿತು. ಅಂಥ ನಾರು ತೇವದ ಜೊತೆಯೇ ಬಿಸಿಗೂ ಒತ್ತಡಕ್ಕೂ ಸಿಕ್ಕಿತು. ಲಿಗ್ನಿನ್ ಮತ್ತೆ ಕರಗಿ, ಹರಿದು, ಆರಿ, ಹಳೇ ಅಂಟಿನ ಕೆಲಸವನ್ನೇ ಮತ್ತೆ ಮಾಡಿತು. ಹೊರಗಿನಿಂದ ಒಂದು ಹನಿ ಗೋಂದು ಬೇಕಾಗಲಿಲ್ಲ. ಬಿಳುಪಾಗಿ ಬೇಯಿಸಿದ ಕಾಗದದ ನಾರನ್ನು ಪ್ರೆಸ್‌ನಲ್ಲಿಟ್ಟವನು ಊಟ ಮುಗಿಸಿ ಮಧ್ಯಾಹ್ನದ ನಿದ್ದೆ ತೆಗೆದು ಬಂದಿದ್ದರೂ ಇದು ಸಿಗುತ್ತಿರಲಿಲ್ಲ.

ಪ್ಯಾಡಿನ ಹಿಂಬದಿಯ ಗುರುತಿಗೂ ಇಲ್ಲೇ ಕಾರಣವಿದೆ. ಹಸಿ ಹಾಳೆಯನ್ನು ಎರಡು ಕಾದ ಉಕ್ಕಿನ ಹಲಗೆಗಳ ನಡುವೆ ಹಾಗೇ ಒತ್ತಿದರೆ ಒಳಗಿನ ನೀರು ಹಬೆಯಾಗಿ ಹೊರಗೆ ಹೋಗಲು ದಾರಿ ಇಲ್ಲದೆ ಹಾಳೆಯನ್ನೇ ಸೀಳಿಬಿಡುತ್ತದೆ. ಅದಕ್ಕೆ ಒಂದು ಬದಿಗೆ ತಂತಿ ಬಲೆ ಇಡುತ್ತಾರೆ. ಹಬೆ ಬಲೆಯ ಸಂದಿಯಿಂದ ಹೋಗುತ್ತದೆ, ಬಲೆ ತನ್ನ ಅಚ್ಚು ಬಿಟ್ಟು ಹೋಗುತ್ತದೆ.

ಬೇಕಿದ್ದದ್ದಕ್ಕೂ ಸಿಕ್ಕಿದ್ದಕ್ಕೂ ಇರುವ ಅಂತರ ನೋಡಿ. ಕಂಬಳಿ ಬೆಚ್ಚಗಿರುವುದು ಉಣ್ಣೆಯ ಸಂದಿಯಲ್ಲಿ ಗಾಳಿ ಸಿಕ್ಕಿಕೊಂಡು ಅಲುಗಾಡದೆ ನಿಲ್ಲುವುದರಿಂದ. ಇನ್ಸುಲೇಶನ್ ಹಲಗೆಯ ಗುಟ್ಟೂ ಅದೇ, ಅದರಲ್ಲಿ ಮರಕ್ಕಿಂತ ಗಾಳಿಯೇ ಜಾಸ್ತಿ. ಹಾರ್ಡ್‌ಬೋರ್ಡ್‌ನಲ್ಲಿ ಆ ಗಾಳಿಯನ್ನು ಹಿಂಡಿ ತೆಗೆದಾಗಿದೆ. ಒಂದು ಘನ ಮೀಟರ್‌ಗೆ 900ರಿಂದ 1000 ಕಿಲೋ, ಹೆಚ್ಚುಕಡಿಮೆ ನೀರಿನಷ್ಟೇ ಭಾರ. ಬಿಸಿ ತಡೆಯುವುದರಲ್ಲಿ ಇದು ಮೆತ್ತನೆಯ ಹಲಗೆಯ ಹತ್ತಿರಕ್ಕೂ ಬರುವುದಿಲ್ಲ. ಒಂದೇ ನಾರು, ಒಂದೇ ಗನ್, ಕೊನೆಯ ಹತ್ತು ನಿಮಿಷದ ಒತ್ತಡದಲ್ಲಿ ವಸ್ತು ಉಲ್ಟಾ ಆಗಿತ್ತು.

1925ರಲ್ಲಿ 'ಮೇಸನ್ ಫೈಬರ್ ಕಂಪನಿ' ಶುರುವಾಯಿತು. ದುಡ್ಡು ಹಾಕಿದ್ದು ಲಾರೆಲ್‌ನಲ್ಲಿ ಸಾಮಿಲ್ ಇಟ್ಟಿದ್ದ, ದೂರದ ವಿಸ್ಕಾನ್ಸಿನ್‌ನ ವಾಸಾ ಊರಿನ ಮರದ ವ್ಯಾಪಾರಿಗಳು. 1926ರಲ್ಲಿ ಕಾರ್ಖಾನೆ ನಡೆಯತೊಡಗಿತು. 1928ರಲ್ಲಿ ಕಂಪನಿಯ ಹೆಸರು ಮೇಸನೈಟ್ ಕಾರ್ಪೊರೇಶನ್ ಆಯಿತು. ಮೊದಲ ವರ್ಷಗಳಲ್ಲಿ ಎರಡೂ ಮಾಲು ಮಾರುತ್ತಿದ್ದರು, ಮೆತ್ತನೆಯದಕ್ಕೆ 'ಮೇಸನೈಟ್ ಸ್ಟ್ರಕ್ಚರಲ್ ಇನ್ಸುಲೇಶನ್' ಅಂತ, ಗಟ್ಟಿಯದಕ್ಕೆ 'ಪ್ರೆಸ್ಡ್‌ವುಡ್' ಅಂತ. ಹಾರ್ಡ್‌ಬೋರ್ಡ್‌ಗೆ ಮೇಸನ್‌ಗೆ 1928ರ ಮಾರ್ಚ್‌ನಲ್ಲಿ ಸಿಕ್ಕ ಪೇಟೆಂಟ್‌ನ ಶೀರ್ಷಿಕೆ ಓದಿದರೆ ನಗು ಬರುತ್ತದೆ. ಅದರಲ್ಲೂ ಅವನು ಇದನ್ನು 'ಗಟ್ಟಿ ಮೈಯ ಇನ್ಸುಲೇಶನ್ ಹಲಗೆ' ಅನ್ನುವ ಅರ್ಥದಲ್ಲೇ ಕರೆದಿದ್ದಾನೆ. ಹೊರಟಿದ್ದ ಊರಿನ ಹೆಸರು ಬಿಡಲು ಮನಸ್ಸಿಲ್ಲ, ಬಂದು ತಲುಪಿದ್ದು ಬೇರೆ ಊರು.

ಮಾರಾಟಕ್ಕೆ ಕಷ್ಟವಾಗಲಿಲ್ಲ. 1933ರ ಷಿಕಾಗೋ ವಿಶ್ವ ಮೇಳದಲ್ಲಿ ಒಂದು ಮೇಸನೈಟ್ ಮನೆಯನ್ನೇ ಕಟ್ಟಿ ತೋರಿಸಿದರು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಊರೂರಲ್ಲಿ ಎಬ್ಬಿಸಿದ, ಉದ್ದಕ್ಕೆ ಸೀಳಿದ ಕೊಳವೆಯಂಥ ಕ್ವಾನ್ಸೆಟ್ ಶೆಡ್‌ಗಳ ಒಳಮೈಗೂ ಇದೇ ಹೋಯಿತು. ಸ್ವೀಡನ್‌ನ ರುಂಡ್ವಿಕ್‌ನಲ್ಲಿ 1929ರಲ್ಲೇ ಲೈಸೆನ್ಸ್ ಪಡೆದು ಕಾರ್ಖಾನೆ ತೆರೆದರು, ಅಲ್ಲಿಯ ಜನರ ಬಾಯಲ್ಲಿ ಹಾರ್ಡ್‌ಬೋರ್ಡ್‌ಗೆ ಇವತ್ತಿಗೂ 'ಮಸೊನಿಟ್' ಅಂತಲೇ ಹೆಸರು. ನಾರು ತೊಳೆದ ನೀರನ್ನೂ ಲಾರೆಲ್‌ನವರು ಬಿಡಲಿಲ್ಲ. ಅದರಲ್ಲಿ ಮರದ ಸಕ್ಕರೆ ಅಂಶ ಇರುತ್ತದೆ. ಅದನ್ನು ಕಾಯಿಸಿ ಗಟ್ಟಿ ಮಾಡಿ 'ಮೇಸನೆಕ್ಸ್' ಅಂತ ದನದ ಮೇವಿಗೆ ಮಾರಿದರು. ಸುಡುತ್ತಿದ್ದ ಕಸದಿಂದ ಬಾಗಿಲು, ಉಳಿದ ಕೊಳೆ ನೀರಿನಿಂದ ಹಸುವಿಗೆ ಪಾಕ!

ನಿಜವಾದ ಯಂತ್ರ ಕೋರ್ಟಿನಲ್ಲಿತ್ತು

ನನ್ನ ಲೆಕ್ಕದಲ್ಲಿ ಈ ಪ್ರಕರಣದ ತಿರುಳು ಊಟದ ಕಥೆಯಲ್ಲ. ಮುಂದಿನ ಹದಿನೈದು ವರ್ಷ ಕಂಪನಿ ಆ ಹಾಳೆಯನ್ನು ಕಾಪಾಡಿಕೊಂಡ ರೀತಿ. ವ್ಯಾಪಾರ ಓದುವವರು ಇದನ್ನು ಎರಡು ಸಲ ಓದಬೇಕು.

1928ರಲ್ಲಿ ಕಬ್ಬಿನ ಸಿಪ್ಪೆಯ ಸೆಲೊಟೆಕ್ಸ್ ತಾನೂ ಹಾರ್ಡ್‌ಬೋರ್ಡ್ ಮಾಡತೊಡಗಿತು. ಮೇಸನೈಟ್ ಪೇಟೆಂಟ್ ಕೇಸು ಹಾಕಿತು. ಕೆಳಗಿನ ಕೋರ್ಟಿನಲ್ಲಿ ಸೋತಿತು. 1933ರಲ್ಲಿ ಮೇಲ್ಮನವಿ ಕೋರ್ಟು ತೀರ್ಪನ್ನು ತಿರುಗಿಸಿ ಮೇಸನೈಟ್ ಪರ ನಿಂತಿತು. ಈಗ ಏನು ಮಾಡಬೇಕು? ಸೆಲೊಟೆಕ್ಸ್ ಸುಪ್ರೀಂ ಕೋರ್ಟಿಗೆ ಹೋದರೆ ಪೇಟೆಂಟೇ ಬಿದ್ದುಹೋಗುವ ಅಪಾಯವಿತ್ತು. ಎದುರಾಳಿಯನ್ನು ಪೂರಾ ಮುಗಿಸಲು ಹೋಗದೆ ಮೇಸನೈಟ್ ರಾಜಿಗೆ ಕರೆಯಿತು. ನೀನು ಹಾರ್ಡ್‌ಬೋರ್ಡ್ ಮಾಡಬೇಡ, ನಾನು ಮಾಡಿಕೊಡುತ್ತೇನೆ, ನಿನ್ನ ಹೆಸರಲ್ಲಿ ಮಾರು. ಆದರೆ ನೀನು ಕೊಳ್ಳುವವನಲ್ಲ, ನನ್ನ ಏಜೆಂಟ್. ಮಾಲು ಗಿರಾಕಿಯ ಕೈ ಸೇರುವ ತನಕ ನನ್ನದೇ, ಹಾಗಾಗಿ ಬೆಲೆ ಹೇಳುವವನೂ ನಾನೇ.

ಈ ಕೊನೆಯ ಮಾತಿನಲ್ಲೇ ಎಲ್ಲ ಅಡಗಿದೆ. ಬೇರೆ ಕಂಪನಿಗೆ ಮಾಲು ಮಾರಿ, ನೀನು ಇಷ್ಟಕ್ಕೇ ಮಾರಬೇಕು ಅಂತ ಕಟ್ಟಿಹಾಕಿದರೆ ಅಮೆರಿಕದ ಕಾನೂನಿನಲ್ಲಿ ಅದು ತಪ್ಪು. ನಿಮ್ಮ ಸ್ವಂತ ಏಜೆಂಟ್‌ಗೆ ಬೆಲೆ ಹೇಳಿದರೆ ತಪ್ಪಲ್ಲ. 1926ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿ ಬಲ್ಬ್ ಮಾರಾಟಕ್ಕೆ ಇದೇ ಏಜೆಂಟ್ ದಾರಿ ಹಿಡಿದು ಸುಪ್ರೀಂ ಕೋರ್ಟಿನಲ್ಲಿ ಗೆದ್ದಿತ್ತು. ಆ ಜನರಲ್ ಎಲೆಕ್ಟ್ರಿಕ್‌ನ ಬೇರು ಎಡಿಸನ್‌ನ ಕಂಪನಿಯಲ್ಲಿದೆ. ಮೇಸನ್ ಎಡಿಸನ್ ಹತ್ತಿರ ಕೆಲಸ ಕಲಿತ, ಮೇಸನ್‌ನ ಕಂಪನಿ ಎಡಿಸನ್ ಮನೆತನದಿಂದ ಮಾರಾಟದ ಉಪಾಯ ಕಲಿತ ಹಾಗಾಯಿತು.

ಸೆಲೊಟೆಕ್ಸ್ ಒಪ್ಪಿತು. ಆಮೇಲೆ ಒಬ್ಬೊಬ್ಬರಾಗಿ ಉಳಿದವರೂ ಸಾಲಾಗಿ ಬಂದರು: ಇನ್ಸುಲೈಟ್, ಜಾನ್ಸ್-ಮ್ಯಾನ್‌ವಿಲ್, ನ್ಯಾಷನಲ್ ಜಿಪ್ಸಮ್, ಆರ್ಮ್‌ಸ್ಟ್ರಾಂಗ್ ಕಾರ್ಕ್, ಫ್ಲಿಂಟ್‌ಕೋಟ್. ಇವರು ಅಂಗಡಿ ಇಟ್ಟುಕೊಂಡ ಸಣ್ಣ ಏಜೆಂಟರಲ್ಲ. ಕಟ್ಟಡ ಸಾಮಗ್ರಿಯಲ್ಲಿ ಅಮೆರಿಕದ ದೊಡ್ಡ ಹೆಸರುಗಳು, ಇನ್ಸುಲೇಶನ್ ಹಲಗೆಯಲ್ಲಿ ಮೇಸನೈಟ್‌ಗೇ ಪೈಪೋಟಿ ಕೊಡುತ್ತಿದ್ದವರೂ ಇದ್ದರು. ಅಂಗಡಿಯಲ್ಲಿ ಬೇರೆ ಬೇರೆ ಹೆಸರಿನ ಹಾರ್ಡ್‌ಬೋರ್ಡ್, ಎಲ್ಲ ಲಾರೆಲ್‌ನ ಗನ್‌ನಿಂದ ಹಾರಿದ್ದು, ಎಲ್ಲಕ್ಕೂ ಮೇಸನೈಟ್ ಹೇಳಿದ್ದೇ ಬೆಲೆ.

ಸರ್ಕಾರಕ್ಕೆ ಇದು ವ್ಯಾಪಾರಿಗಳ ಒಳಒಪ್ಪಂದ ಅನ್ನಿಸಿತು. ಕೇಸು ಹಾಕಿತು, ಕೆಳಗೆ ಸೋತಿತು, ಸುಪ್ರೀಂ ಕೋರ್ಟಿಗೆ ಹೋಯಿತು. 1942ರ ಮೇ 11ರಂದು ನ್ಯಾಯಮೂರ್ತಿ ವಿಲಿಯಂ ಒ. ಡಗ್ಲಸ್ ಬರೆದ ತೀರ್ಪು ಬಂತು. ಕಾಗದದಲ್ಲಿ ಏಜೆಂಟ್ ಅಂತ ಬರೆದ ಮಾತ್ರಕ್ಕೆ ಏಜೆಂಟ್ ಆಗುವುದಿಲ್ಲ. ಪೈಪೋಟಿ ಮಾಡಬೇಕಾದವರು ಪರಸ್ಪರ ಗೊತ್ತಿದ್ದೇ ಒಂದೇ ಬೆಲೆಗೆ ಕೈಜೋಡಿಸಿದ್ದಾರೆ, ಪೇಟೆಂಟ್‌ನಿಂದ ಸಿಗುವ ಹಕ್ಕು ಅಷ್ಟು ದೂರ ಹೋಗುವುದಿಲ್ಲ. ತೀರ್ಪಿನ ಸಾರ ಇಷ್ಟು. ಪೇಟೆಂಟ್ ಕಾನೂನು ಓದುವವರು ಇವತ್ತಿಗೂ ಇದನ್ನು ಓದುತ್ತಾರೆ. ಮೇಸನ್ ಇದನ್ನು ನೋಡಲು ಇರಲಿಲ್ಲ, 1940ರಲ್ಲೇ ತೀರಿಕೊಂಡಿದ್ದ.

ಸೋಲು ಅಂತ ಬರೆಯುವುದು ಸುಲಭ. ನನಗೆ ಹಾಗೆ ಕಾಣುವುದಿಲ್ಲ. 1928ರ ಪೇಟೆಂಟ್‌ಗೆ 17 ವರ್ಷ ಆಯಸ್ಸು, 1945ಕ್ಕೆ ಹೇಗೂ ಮುಗಿಯುತ್ತಿತ್ತು. ಅದರಲ್ಲಿ ಸುಮಾರು ಒಂಬತ್ತು ವರ್ಷ, ಆರ್ಥಿಕ ಕುಸಿತದ ಕೆಟ್ಟ ಕಾಲವೂ ಸೇರಿದಂತೆ, ದೇಶದ ಹಾರ್ಡ್‌ಬೋರ್ಡ್ ಬೆಲೆ ಇವರ ಕೈಯಲ್ಲಿತ್ತು.

ನೀರು

ಪೇಟೆಂಟ್ ಮುಗಿದ ಮೇಲೆ ಯಾರು ಬೇಕಾದರೂ ಮಾಡಬಹುದಾಯಿತು. ಸ್ವೀಡನ್‌ನ ಆರ್ನೆ ಆಸ್ಪ್ಲುಂಡ್ 1931ರಲ್ಲೇ ಕಂಡುಹಿಡಿದಿದ್ದ ಯಂತ್ರ, ಹಬೆಯಲ್ಲಿ ಮೆತ್ತಗಾದ ಚಕ್ಕೆಯನ್ನು ಸಿಡಿಸದೆ ತಟ್ಟೆಗಳ ನಡುವೆ ಬಿಡಿಸುವಂಥದ್ದು, ಪ್ರಪಂಚದ ತುಂಬ ಹರಡಿತು. ಅದರಲ್ಲಿ ಕೆಲಸ ನಿಲ್ಲದೆ ನಡೆಯುತ್ತದೆ, ಗನ್‌ನ ಹಾಗೆ ಪ್ರತಿ ಸಲ ತುಂಬಿ ಸಿಡಿಸಬೇಕಾಗಿಲ್ಲ. ಮೆತ್ತನೆಯ ಹಲಗೆಯ ಮಾರುಕಟ್ಟೆಗೆ ಇನ್ನೊಂದು ಕಡೆಯಿಂದ ಪೆಟ್ಟು ಬಿತ್ತು. 1938ರಲ್ಲಿ ಹುಟ್ಟಿದ ಓವೆನ್ಸ್ ಕಾರ್ನಿಂಗ್ ಕಂಪನಿಯ ಗಾಜಿನ ಉಣ್ಣೆ ಯುದ್ಧದ ನಂತರ ಅಮೆರಿಕದ ಗೋಡೆಗಳೊಳಗೆ ತುಂಬಿಕೊಂಡಿತು. ಸುರುಳಿ ಬಿಚ್ಚಿ ತುರುಕಿದರೆ ಆಯಿತು. ಮೇಸನ್ ಮೊದಲು ಕನಸು ಕಂಡ ಮಾರುಕಟ್ಟೆ ಹಾಗೆ ಗಾಜಿನವರ ಪಾಲಾಯಿತು.

ಲಾರೆಲ್ ಊರಿನ ಒಳಗುದಿಯನ್ನೂ ಹೇಳದೆ ಬಿಟ್ಟರೆ ಕಥೆ ಅರ್ಧ. ಕರಿಯರ ಮೇಲೆ ಹಿಂಸೆ ನಡೆಸುತ್ತಿದ್ದ ಬಿಳಿಯರ ಗುಪ್ತ ಸಂಘಟನೆ ಕು ಕ್ಲಕ್ಸ್ ಕ್ಲ್ಯಾನ್‌ಗೆ 1960ರ ದಶಕದ ಮಿಸಿಸಿಪ್ಪಿಯಲ್ಲಿ ಇದೇ ಊರು ನೆಲೆ. ಕಾರ್ಖಾನೆಯ ಕೆಲಸಗಾರರಲ್ಲೂ ಅದರವರಿದ್ದರು. 1967ರಲ್ಲಿ ದೊಡ್ಡ ಮುಷ್ಕರವಾಯಿತು, ಹಿಂಸೆಯೂ ಆಯಿತು. ಬಿಳಿಯರು, ಕರಿಯರು ಅಂತ ಒಡೆದಿದ್ದ ಯೂನಿಯನ್ ನಿಲ್ಲಲು ಆಗದೆ ಸೋತಿತು. ವರ್ಷಗಟ್ಟಲೆ ಕೆಳಗಿನ ಕೆಲಸಕ್ಕೇ ಕಟ್ಟಿಹಾಕಿಸಿಕೊಂಡಿದ್ದ ಕರಿಯ ಕೆಲಸಗಾರರು ಆ ಯೂನಿಯನ್‌ಗಾಗಿ ಹೊಟ್ಟೆ ಕಟ್ಟಿಕೊಂಡು ಹೊರಗೆ ಯಾಕೆ ನಿಲ್ಲಬೇಕಿತ್ತು, ಹೇಳಿ?

ಆದರೆ ಕಂಪನಿಗೆ ಜಾಸ್ತಿ ಖರ್ಚು ತಂದದ್ದು ಮುಷ್ಕರವಲ್ಲ, ಮಳೆ. ಹಾರ್ಡ್‌ಬೋರ್ಡನ್ನು ಮನೆಯ ಹೊರಗೋಡೆಗೆ ಹೊದಿಸುವ ಪಟ್ಟಿಯಾಗಿ, ಅವರ ಮಾತಿನಲ್ಲಿ ಸೈಡಿಂಗ್ ಆಗಿ, ಮಾರಿದರು. ಮರಕ್ಕಿಂತ ಅಗ್ಗ, ಗಂಟಿಲ್ಲ, ಬಣ್ಣ ಚೆನ್ನಾಗಿ ಕೂರುತ್ತದೆ. ಲಕ್ಷಾಂತರ ಮನೆಗಳಿಗೆ ಹೋಯಿತು. ಪರೀಕ್ಷೆಯ ಪ್ಯಾಡನ್ನು ಮಳೆಯಲ್ಲಿ ನೆನೆಸಿದವರಿಗೆ ಮುಂದಿನದು ಗೊತ್ತು. ಮೂಲೆ ಮೊದಲು ಉಬ್ಬುತ್ತದೆ, ಆಮೇಲೆ ಪದರ ಪದರ ಬಿಟ್ಟು ಚಿರೋಟಿಯಾಗುತ್ತದೆ. ಒತ್ತಿ ಚಪ್ಪಟೆ ಮಾಡಿದ ನಾರಿಗೆ ನೀರು ಸಿಕ್ಕಿದರೆ ಮತ್ತೆ ಹಳೇ ದಪ್ಪಕ್ಕೆ ಹೋಗುವ ಆಸೆ. ಕತ್ತರಿಸಿದ ಅಂಚಿನಿಂದಲೋ ಮೊಳೆ ಹೊಡೆದ ತೂತಿನಿಂದಲೋ ನೀರು ಒಳಗೆ ಹೋದರೆ ಸಾಕು.

1994ರಲ್ಲಿ ಅಲಬಾಮದ ಮೊಬೀಲ್ ಕೋರ್ಟಿನಲ್ಲಿ ಮನೆಯವರೆಲ್ಲರ ಪರವಾಗಿ ಒಂದೇ ಕೇಸು ದಾಖಲಾಯಿತು. ಸರಿಯಾಗಿ ಕೂರಿಸಿಲ್ಲ, ಸರಿಯಾಗಿ ಬಣ್ಣ ಹೊಡೆದಿಲ್ಲ ಅನ್ನುವುದು ಕಂಪನಿಯ ವಾದ. 1996ರಲ್ಲಿ ಜ್ಯೂರಿ ಮಾಲಿನಲ್ಲೇ ದೋಷ ಅಂದಿತು. 1998ರಲ್ಲಿ ರಾಜಿ ಮಂಜೂರಾಯಿತು. 1980ರಿಂದ 1998ರ ಜನವರಿವರೆಗೆ ಹಾಕಿಸಿದ ಸೈಡಿಂಗ್‌ಗೆಲ್ಲ ಪರಿಹಾರ ಕೇಳುವ ಹಕ್ಕು ಸಿಕ್ಕಿತು. ಇದನ್ನು ಬರೀ ದುರಾಸೆ ಅಂತ ತಳ್ಳಿಹಾಕಲು ನಾನು ತಯಾರಿಲ್ಲ. ಒಳಗೆ ಅರವತ್ತು ವರ್ಷ ಚೆನ್ನಾಗಿ ಬಾಳಿದ ಮಾಲಿನ ಮೇಲೆ ಮಾಡಿದವರಿಗೇ ನಂಬಿಕೆ ಜಾಸ್ತಿಯಾಗಿತ್ತು. ಆದರೆ ನೀರಲ್ಲಿ ಹಾಳೆ ಮಾಡಿ ಹಬೆಯಲ್ಲಿ ಒತ್ತಿದವರಿಗೆ ನೀರು ಏನು ಮಾಡುತ್ತದೆ ಅಂತ ಗೊತ್ತಿರಲಿಲ್ಲ ಅಂದರೆ ಅದನ್ನೂ ಒಪ್ಪುವುದು ಕಷ್ಟ.

ಆ ಹೊತ್ತಿಗೆ ಕಂಪನಿ ಸ್ವತಂತ್ರವಾಗಿಯೂ ಉಳಿದಿರಲಿಲ್ಲ. 1984ರಲ್ಲಿ ಕಟ್ಟಡ ಸಾಮಗ್ರಿಯ ಯುಎಸ್‌ಜಿ ಕಂಪನಿ ಕೊಂಡಿತು, 1988ರಲ್ಲಿ ಇಂಟರ್‌ನ್ಯಾಷನಲ್ ಪೇಪರ್ ಕೊಂಡಿತು. ಸೈಡಿಂಗ್ ಬಿಲ್ ಇವರ ತಲೆಗೆ ಬಂತು. ಉಳಿದು ಬಾಳಿದ್ದು ಬಾಗಿಲ ಹಾಳೆ. ಸಮತಟ್ಟಾದ ಹಾಳೆಯ ಬದಲು ಅಚ್ಚಿನಲ್ಲೇ ಒತ್ತಿ, ಆರು ಅಂಕಣದ ಮರದ ಬಾಗಿಲಿನಂತೆ ಕಾಣುವ ಮುಖ ಮಾಡಿದರು. ಒಳಗಿನ ಬಾಗಿಲಿಗೆ ಮಳೆಯಿಲ್ಲ, ಬಿಸಿಲಿಲ್ಲ. 2001ರಲ್ಲಿ ಕೆನಡಾದ ಬಾಗಿಲು ಕಂಪನಿ ಪ್ರೆಮ್‌ಡೋರ್ ಈ ವ್ಯವಹಾರ ಕೊಂಡು, ಮರುವರ್ಷ ತನ್ನ ಹೆಸರು ಬಿಟ್ಟು ಮೇಸನೈಟ್ ಅನ್ನುವ ಹೆಸರನ್ನೇ ಇಟ್ಟುಕೊಂಡಿತು. ನಮ್ಮ ಬಿಲ್ಡರ್‌ಗಳ ಬ್ರೋಷರ್‌ಗೆ ಆ ಪದ ಬಂದದ್ದು ಹೀಗೆ, ಬಾಗಿಲ ದಾರಿಯಿಂದ.

2024ರ ಮೇ ತಿಂಗಳಲ್ಲಿ ಮೇಸನೈಟ್ ಮತ್ತೊಮ್ಮೆ ಕೈ ಬದಲಾಯಿಸಿತು. ಸುಮಾರು 390 ಕೋಟಿ ಡಾಲರ್‌ಗೆ. ಕೊಂಡವರು ಓವೆನ್ಸ್ ಕಾರ್ನಿಂಗ್, ಅದೇ ಗಾಜಿನ ಉಣ್ಣೆಯವರು. ಇನ್ಸುಲೇಶನ್ ಮಾಡಲು ಹುಟ್ಟಿದ ಕಂಪನಿ ನೂರು ವರ್ಷದ ಮೇಲೆ ಇನ್ಸುಲೇಶನ್ ದೊರೆಯ ಮನೆ ಸೇರಿತು, ಆದರೆ ಅವರು ದುಡ್ಡು ಕೊಟ್ಟದ್ದು ಬಾಗಿಲಿಗೆ.